ಭಾನುವಾರದ ಚರ್ಚೆ: ಕೆನಡಿ ಹತ್ಯೆಯ ಹಿಂದೆ ಯಾರು?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಮಾಟುಂಗಾದಲ್ಲಿ, ಎಂದಿನ ಕೋಣೆಯಲ್ಲೇ ಸೇರೋಣ. ಲೋಕಲ್ ರೈಲುಗಳ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಸಂಚಾರ ನಿಲುಗಡೆ) ಇರಬಹುದು, ಡೊಂಬಿವಲಿ-ಠಾಣೆ ಕಡೆಯವರು ಅರ್ಧ ಗಂಟೆ ಮೊದಲೇ ಹೊರಡಿ.

ಬರುವ ಮುನ್ನ, ಅಮೆರಿಕದ ಅಧ್ಯಕ್ಷ ಕೆನಡಿಯವರ 1963ರ ಹತ್ಯೆಯ ಕುರಿತ ಎರಡು ಸರ್ಕಾರಿ ವರದಿಗಳ ತೀರ್ಮಾನದ ಭಾಗವನ್ನಾದರೂ ಓದಿಕೊಳ್ಳಿ. 1964ರ ವಾರನ್ ಆಯೋಗದ್ದು 888 ಪುಟ. ಅದರ ಪ್ರಕಾರ ಗುಂಡು ಹಾರಿಸಿದ್ದು ಓಸ್ವಾಲ್ಡ್ ಎಂಬಾತ ಒಬ್ಬನೇ, ಮೂರು ಗುಂಡು. 1979ರ ಅಮೆರಿಕದ ಸಂಸದೀಯ ಸಮಿತಿ ಮಾತ್ರ 'ಬಹುಶಃ ಸಂಚು' ಎಂದಿತು. ಎಲ್ಲರೂ ಎಡವುವುದು ಇಲ್ಲೇ. ಆ ಮಾತು ಮುಖ್ಯವಾಗಿ ನಿಂತಿದ್ದು ಪೊಲೀಸ್ ರೇಡಿಯೊದ ಧ್ವನಿಮುದ್ರಣದಲ್ಲಿ ಕೇಳಿತೆನ್ನಲಾದ ನಾಲ್ಕನೇ ಗುಂಡಿನ ಮೇಲೆ. 1982ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು ಅದನ್ನು ಒಪ್ಪಲಿಲ್ಲ: ಆ ಸದ್ದುಗಳು ಹತ್ಯೆಯಾಗಿ ಸುಮಾರು ಒಂದು ನಿಮಿಷದ ನಂತರದವು. ಇನ್ನೊಂದು, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೈವಾಡವಿಲ್ಲ ಎಂದೂ 1979ರ ಅದೇ ಸಮಿತಿ ಹೇಳಿದೆ. ಮಾಫಿಯಾದ ಮತ್ತು ಕ್ಯಾಸ್ಟ್ರೊ-ವಿರೋಧಿ ಕ್ಯೂಬನ್ ಗುಂಪುಗಳ ಬಿಡಿ ವ್ಯಕ್ತಿಗಳ ವಿಷಯದಲ್ಲಷ್ಟೇ ಬಾಗಿಲು ತೆರೆದಿಟ್ಟಿತು. ಅರ್ಧ ವಾಕ್ಯ ಕತ್ತರಿಸಿದ ಫಾರ್ವರ್ಡ್‌ಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

'ದೊಡ್ಡವರ ಕೈ ಇದೆ' ಎನ್ನುವವರು ಯಾರ ಕೈ, ಯಾವ ದಾಖಲೆ, ಎಷ್ಟನೇ ಪುಟ ಎಂದು ಬರೆದು ತನ್ನಿ. ಒಬ್ಬೊಬ್ಬರಿಗೆ 7 ನಿಮಿಷ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ಚಹಾ-ಅವಲಕ್ಕಿಗೆ ಲೆಕ್ಕ ಬೇಕು.