ಬಿನ್ ಫೈಲುಗಳನ್ನು ಇನ್ನು ಗುಂಪಿನಲ್ಲಿ ಹಾಕಬೇಡಿ

ಎಲ್ಲರಿಗೂ ನಮಸ್ಕಾರ. ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್ ಚಿಪ್) ಬೋರ್ಡುಗಳ ಫರ್ಮ್‌ವೇರ್, ಅಂದರೆ ಬೋರ್ಡನ್ನು ನಡೆಸುವ ಪ್ರೋಗ್ರಾಮಿನ ಬಿನ್ ಫೈಲುಗಳನ್ನು ದಯವಿಟ್ಟು ಇನ್ನು ಇಲ್ಲಿ ಕಳಿಸಬೇಡಿ. ಯಾವುದು ಹೊಸದು, ಯಾವುದು ಹಳೆಯದು ತಿಳಿಯದೆ ಹೋದ ವಾರ ತೋಟದ ಪಂಪಿನ ಬೋರ್ಡಿಗೆ ಹಳೆಯದನ್ನೇ ತುಂಬಿ ಅರ್ಧ ದಿನ ಕಳೆದೆ.

ಇನ್ನು ಮುಂದೆ ಎಲ್ಲವೂ ಗಿಟ್‌ಹಬ್ ಪೇಜಸ್‌ನ ಒಂದು ವೆಬ್ ಪುಟದಲ್ಲಿ, ಬ್ರೌಸರಿನಿಂದಲೇ ಬೋರ್ಡಿಗೆ ಫರ್ಮ್‌ವೇರ್ ತುಂಬುವ ಇಎಸ್‌ಪಿ ವೆಬ್ ಟೂಲ್ಸ್ ಬಟನ್ ಸಮೇತ. ಕಂಪ್ಯೂಟರಿನಲ್ಲಿ ಕ್ರೋಮ್ ಅಥವಾ ಎಡ್ಜ್ ತೆರೆದು, ಬೋರ್ಡನ್ನು ಯುಎಸ್‌ಬಿಗೆ ಜೋಡಿಸಿ ಬಟನ್ ಒತ್ತಿದರಾಯಿತು. ಸಫಾರಿಯಲ್ಲಿ ವೆಬ್ ಸೀರಿಯಲ್ (ಬ್ರೌಸರ್ ಯುಎಸ್‌ಬಿ ಮೂಲಕ ಬೋರ್ಡಿನ ಜೊತೆ ಮಾತಾಡುವ ಸೌಲಭ್ಯ) ಇಲ್ಲ, ಅಲ್ಲಿ ನಡೆಯದು. ಪೋರ್ಟ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಬರೀ ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ತಂತಿ ಇರುವುದಿಲ್ಲ.

ಕಂಬದ ಮೇಲೆ, ತೊಟ್ಟಿಯ ಹತ್ತಿರ ಕೂರಿಸಿದ ಬೋರ್ಡುಗಳಿಗೆ ವೈಫೈ ಮೂಲಕ ಓಟಿಎ, ಅಂದರೆ ತಂತಿಯಿಲ್ಲದೆ ಅಪ್‌ಡೇಟ್. ಇದಕ್ಕಾಗಿ ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಫರ್ಮ್‌ವೇರಿಗೆ ಎರಡು ಜಾಗ ಇರುತ್ತವೆ. ಹೊಸದು ಖಾಲಿ ಜಾಗಕ್ಕೆ ಇಳಿಯುತ್ತದೆ, ಹಾಗಾಗಿ ನಡುವೆ ಕರೆಂಟ್ ಹೋದರೂ ಮತ್ತೆ ಬಂದಾಗ ಹಳೆಯದೇ ಓಡುತ್ತದೆ. ಪೂರ್ತಿ ಇಳಿದ ಕೋಡೇ ಕೆಟ್ಟಿದ್ದರೆ? ಅದಕ್ಕೇ ರೋಲ್‌ಬ್ಯಾಕ್ (ಹಳೆಯದಕ್ಕೆ ತಾನಾಗಿ ಮರಳುವ ವ್ಯವಸ್ಥೆ) ಆನ್ ಇರಲೇಬೇಕು ಅಂತ ನಾನು ಹಟ ಮಾಡುವುದು. ವೈಫೈ ಸಿಕ್ಕಿ ಸೆನ್ಸರ್ ಓದಿದ ಮೇಲೆ ಮಾತ್ರ ಕೋಡು ‘ಸರಿಯಿದೆ’ ಎಂದು ಗುರುತು ಹಾಕಬೇಕು. ಗುರುತು ಬೀಳುವ ಮೊದಲೇ ರೀಸ್ಟಾರ್ಟ್ ಆದರೆ, ಬೋರ್ಡ್ ಶುರುವಾಗುವಾಗ ಮೊದಲು ಓಡುವ ಬೂಟ್‌ಲೋಡರ್ ಹಳೆಯದಕ್ಕೆ ಮರಳುತ್ತದೆ. ಇದಿಲ್ಲದ ಕೋಡನ್ನು ಪುಟಕ್ಕೆ ಸೇರಿಸುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು: ವೈಫೈ ಪಾಸ್‌ವರ್ಡನ್ನು ಕೋಡಿನೊಳಗೆ ಬರೆಯಬೇಡಿ. ಪುಟ ಯಾರು ಬೇಕಾದರೂ ನೋಡುವಂಥದ್ದು, ಬಿನ್ ಫೈಲಿನಿಂದ ಅದನ್ನು ಹೆಕ್ಕುವುದು ಬಲು ಸುಲಭ.

ನಿಮ್ಮ ಹತ್ತಿರ ಇರುವ ಇತ್ತೀಚಿನ ಕೋಡನ್ನು ಶನಿವಾರದೊಳಗೆ ನನಗೆ ಕಳಿಸಿ. ಯಾವ ಬೋರ್ಡಿನದು ಎಂದು ಬರೆಯಿರಿ. ಇಎಸ್‌ಪಿ32ರ ಎಸ್3, ಸಿ3 ಮಾದರಿಗಳಿಗೆ ಬೇರೆ ಬೇರೆ ಫೈಲ್ ಬೇಕು.