ಡಬಲ್ಸ್ ಆಡುವ ಮಗಳಿಗೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು, ಇನ್ಮೇಲೆ ಟೆನಿಸ್‌ನಲ್ಲಿ ಡಬಲ್ಸ್ ಕಡೆ ಜಾಸ್ತಿ ಗಮನ ಕೊಡ್ತೀನಮ್ಮಾ ಅಂದೆ. ನಾನು ತಟ್ಟನೆ, "ಯಾಕೆ, ಸಿಂಗಲ್ಸ್ ಕೈಲಾಗಲ್ವಾ?" ಅಂದುಬಿಟ್ಟೆ. ನೀನು ಊಟ ಆಯ್ತಾ ಅಂತ ಮಾತು ತಿರುಗಿಸಿದೆ. ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ.

ಸಿಂಗಲ್ಸ್‌ನಲ್ಲಿ ಆಗದವರು ಡಬಲ್ಸ್‌ಗೆ ಹೋಗ್ತಾರೆ ಅಂತಲೇ ನನ್ನ ತಲೆಯಲ್ಲಿತ್ತು ಕಣೇ. ನಮ್ಮ ರೋಹನ್ ಬೋಪಣ್ಣನ ಡಬಲ್ಸ್ ಆಟವನ್ನು ಅಷ್ಟು ವರ್ಷ ಟಿವಿಯಲ್ಲಿ ನೋಡಿಯೂ!

ಬೋಪಣ್ಣ ಕೊಡಗಿನ ಕಾಫಿ ಬೆಳೆಗಾರರ ಮಗ. ರ‍್ಯಾಕೆಟ್ ಹಿಡಿದದ್ದು 11ನೇ ವಯಸ್ಸಿಗೆ. ನೀನು ಏಳಕ್ಕೇ ಹಿಡಿದೆ, ಆದರೂ ತಡವಾಯ್ತೇನೋ ಅಂತ ಗೊಣಗಿದವಳು ನಾನು. 2010ರಲ್ಲಿ ಪಾಕಿಸ್ತಾನದ ಐಸಾಮ್ ಖುರೇಷಿ ಜೊತೆ ಯುಎಸ್ ಓಪನ್ ಫೈನಲ್‌ಗೆ ಹೋಗಿ ಬ್ರಯಾನ್ ಸೋದರರಿಗೆ ಸೋತರು. 2017ರಲ್ಲಿ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಸಿಕ್ಕಿತು. ಪುರುಷರ ಡಬಲ್ಸ್‌ನಲ್ಲಿ ಮಾತ್ರ ಗ್ರ್ಯಾಂಡ್ ಸ್ಲಾಮ್, ಅಂದರೆ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದೂ, ಆಗಿನ್ನೂ ಸಿಕ್ಕಿರಲಿಲ್ಲ. ಮೊಣಕಾಲು ಸವೆದು ಹೋಗಿತ್ತು, ಅಯ್ಯಂಗಾರ್ ಯೋಗ ಹಿಡಿದರು. ಒಮ್ಮೆ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಇನ್ನು ಸಾಕು ಅಂತ ಹೆಂಡತಿಗೆ ವಿಡಿಯೊ ಮಾಡಿ ಕಳಿಸಿದ್ದರಂತೆ.

ಅದನ್ನು ಅವರೇ ಹೇಳಿದ್ದು 2024ರ ಜನವರಿಯಲ್ಲಿ, ಮೆಲ್ಬರ್ನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ 7-6, 7-5ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದ ರಾತ್ರಿ. ಆಗ ಅವರಿಗೆ 43 ವರ್ಷ. ಆ ಟೂರ್ನಿಯಿಂದಲೇ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಅಷ್ಟು ವಯಸ್ಸಿಗೆ ಮೊದಲ ಸಲ ಆ ಪಟ್ಟಕ್ಕೇರಿದವರು ಬೇರೆ ಯಾರೂ ಇರಲಿಲ್ಲ.

ನಿನ್ನೆ ಕೂತು ಆ ಫೈನಲ್ ಮತ್ತೆ ನೋಡಿದೆ. ಈ ಸಲ ಚೆಂಡು ಬಿಟ್ಟು ಇಬ್ಬರನ್ನೇ ನೋಡಿದೆ. ನೆಟ್ ಹತ್ತಿರ ನಿಂತವನು ಹಿಂದೆ ಸರ್ವ್ ಮಾಡುವವನನ್ನು ನಂಬಿ ಬೆನ್ನು ತೋರಿಸಿ ನಿಲ್ಲಬೇಕು. ಒಬ್ಬ ತಪ್ಪಿದರೂ ಇನ್ನೊಬ್ಬ ಕೈ ತಟ್ಟಿ ಮುಂದಿನ ಪಾಯಿಂಟ್‌ಗೆ ಹೋಗಬೇಕು. ಸಾರಿಗೆ ಉಪ್ಪು ಜಾಸ್ತಿ ಆದರೆ ನಿಮ್ಮಪ್ಪ ಮೂರು ದಿನ ಹೇಳ್ತಾರೆ. ನಮ್ಮಿಬ್ಬರ ಕೈಲಂತೂ ಡಬಲ್ಸ್ ಆಗದು ಬಿಡು.

ದುಡ್ಡಿನ ಚಿಂತೆ ನನಗೆ ಇನ್ನೂ ಇದೆ, ಸುಳ್ಳು ಹೇಳಲ್ಲ. ಡಬಲ್ಸ್‌ನಲ್ಲಿ ಬಹುಮಾನ ಕಡಿಮೆ, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಕೋಚ್, ಪ್ರಯಾಣ, ಹೋಟೆಲ್ ಖರ್ಚು ಮಾತ್ರ ಹಾಗೇ ಇರುತ್ತೆ. ಅದರ ಲೆಕ್ಕ ಮೂವರೂ ಕೂತು ಹಾಕೋಣ.

ಶನಿವಾರದ ಮ್ಯಾಚ್‌ಗೆ ಬರ್ತೀನಿ. ಕೋಡುಬಳೆ ಎರಡು ಡಬ್ಬಿ ತರ್ತೀನಿ. ನಿನ್ನ ಜೊತೆ ಆಡುವ ಹುಡುಗಿಗೆ ಖಾರ ಆಗುತ್ತಾ? ಕೇಳಿ ಹೇಳು.

ನಿನ್ನ
ಅಮ್ಮ