ಕಾಲು ಗಟ್ಟಿ ಇರಲಿ ಪುಟ್ಟಿ

ಮೈಸೂರು

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಬರುವ ತಿಂಗಳು ನಿನಗೆ ಅರವತ್ತು ತುಂಬಿ ರಿಟೈರ್ ಆಗುತ್ತೀಯ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. "ಇನ್ನು ಹಾಯಾಗಿ ಕೂತಿರ್ತಾಳೆ ಬಿಡು" ಅಂದಳು. ಆ ಮಾತೇ ನನಗೆ ಹಿಡಿಸಲಿಲ್ಲ ನೋಡು, ಅದಕ್ಕೇ ಈ ಪತ್ರ. ವಾಟ್ಸಾಪ್‌ನಲ್ಲಿ ಹಾಕಿದರೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ.

ಬಿಪಿ ಎಷ್ಟು, ಶುಗರ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ತೊಡೆಯಲ್ಲಿ ಎಷ್ಟು ಬಲ ಇದೆ ಅಂತ ಯಾರೂ ಕೇಳಲ್ಲ. ಎಂಬತ್ತರ ಹತ್ತಿರ ಬಂದಾಗ ಬಚ್ಚಲಿಗೆ ನೀನೇ ಹೋಗಿ ಬರುತ್ತೀಯೋ, ಇಲ್ಲ ಇನ್ನೊಬ್ಬರು ರಟ್ಟೆ ಹಿಡಿದು ಕರೆದೊಯ್ಯಬೇಕೋ ಅನ್ನುವುದು ಬಹಳ ಮಟ್ಟಿಗೆ ಆ ತೊಡೆಯ ಕೈಯಲ್ಲೇ ಇದೆ. ಮೂವತ್ತು ದಾಟಿದ ಮೇಲೆ ಹತ್ತತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಜೋರು. ಮುಟ್ಟು ನಿಂತ ಹೆಂಗಸರಿಗೆ ಮೂಳೆಯೂ ಸವೆಯುತ್ತದೆ. ಎರಡೂ ಸೇರಿದಾಗ ಒಂದು ಸಲ ಜಾರಿದರೆ ಸಾಕು, ಸೊಂಟದ ಮೂಳೆ ಮುರಿಯುತ್ತದೆ. ನಮ್ಮ ಬೀದಿಯಲ್ಲೇ ಹಾಗೆ ಮಲಗಿ ಮತ್ತೆ ಏಳದವರು ಇದ್ದಾರೆ.

ಒಂದು ಪರೀಕ್ಷೆ ಮಾಡು. ಕೈ ಇಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡು. ಎರಡೂ ಕೈ ಎದೆಯ ಮೇಲೆ ಕಟ್ಟಿಕೋ. ಪೂರ್ತಿ ಎದ್ದು ನಿಲ್ಲು, ಪೂರ್ತಿ ಕೂರು. ಮಗಳಿಗೆ ಮೊಬೈಲ್ ನೋಡಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದೆ ಅಂತ ಎಣಿಸಲು ಹೇಳು. ನಿನ್ನ ವಯಸ್ಸಿನ ಹೆಂಗಸಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲು ಸೋಲುತ್ತಿದೆ ಅಂತಲೇ ಲೆಕ್ಕ. ಕಡಿಮೆ ಬಂತು ಅಂತ ಪೆಚ್ಚಾಗಬೇಡ. ಅದೇ ಪರೀಕ್ಷೆಯೇ ಔಷಧಿ ಕೂಡ. ಊಟಕ್ಕೆ ಕೂರುವ ಮುಂಚೆ ಹತ್ತು ಸಲ ಎದ್ದು ಕೂತು ಮಾಡು. ಮಂಡಿ ನೋಯುತ್ತಿದ್ದರೆ ಕಂಬಳಿ ಮಡಿಸಿ ಹಾಕಿ ಕುರ್ಚಿ ಎತ್ತರ ಮಾಡಿಕೋ. ಹಾಲು ಉಕ್ಕುವುದನ್ನು ಕಾಯುತ್ತಾ ಸುಮ್ನೆ ನಿಂತಿರುತ್ತೀಯಲ್ಲ, ಆಗ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸು. ಸ್ವಲ್ಪ ಹೊತ್ತು ಒಂಟಿ ಕಾಲಲ್ಲಿ ನಿಲ್ಲು.

"ನಾನು ವಾಕಿಂಗ್ ಹೋಗ್ತೀನಲ್ಲ" ಅನ್ನುತ್ತೀಯ. ಹೋಗು, ಒಳ್ಳೆಯದೇ. ಇಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ಅರ್ಧ ಮೈಸೂರೇ ಇರುತ್ತದೆ, ಅದರಲ್ಲಿ ಅರ್ಧ ಬೆಂಚಿನ ಮೇಲೆ ಕೂತು ರಾಜಕೀಯ ಮಾತಾಡುತ್ತಿರುತ್ತದೆ! ನಡಿಗೆಯೊಂದರಿಂದ ತೊಡೆಗೆ ಬಲ ಬರಲ್ಲ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನೀನು ಐದು ವರ್ಷ ಮುಂಚೆ ಶುರು ಮಾಡಿದರೆ ನಷ್ಟವೇನಿಲ್ಲ.

ಇನ್ನು ಊಟ. ನಮ್ಮ ಮನೆ ಹೆಂಗಸರ ಊಟ ನಿನಗೆ ಗೊತ್ತೇ ಇದೆ. ಎಲ್ಲರಿಗೂ ಬಡಿಸಿ ಆದ ಮೇಲೆ ಉಳಿದ ತಿಳಿಸಾರು, ಒಂದಿಷ್ಟು ಮಜ್ಜಿಗೆ ಅನ್ನ. ರಾತ್ರಿ ಹಸಿವಿಲ್ಲ ಅಂತ ಎರಡು ಬಿಸ್ಕತ್ತು. ಇದರಲ್ಲಿ ಮಾಂಸಖಂಡ ಕಟ್ಟುವುದಕ್ಕೆ ಏನಿದೆ ಹೇಳು? ವಯಸ್ಸಾದವರಿಗೆ ಮೈತೂಕದ ಒಂದೊಂದು ಕಿಲೋಗೆ ದಿನಕ್ಕೆ ಒಂದು ಗ್ರಾಂ ಆದರೂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ 60 ಗ್ರಾಂ. ಮೊಟ್ಟೆ ನೀನು ತಿನ್ನಲ್ಲ. ನೂರು ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಹತ್ತಿರ ಇದೆ ನಿಜ, ಆದರೆ ನಿನ್ನ ಸೌಟಿಗೆ ಬರುವ ಬೇಳೆ ಎಷ್ಟು? ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಕಟ್ಟಿನ ಸಾರು ನಿನಗೆ, ಕಾಳಿನ ಪಲ್ಯ ಮಕ್ಕಳಿಗೆ ಅಂತ ಮಾಡಬೇಡ. ಪಲ್ಯ ನೀನೇ ಮೊದಲು ಬಡಿಸಿಕೋ. ಗಟ್ಟಿ ಮೊಸರು, ಪನ್ನೀರು, ಕಡಲೆಕಾಯಿ, ಮೊಳಕೆ ಕಾಳು, ಇವು ದಿನಾ ಇರಲಿ. ಮೂಳೆಗೆ ರಾಗಿ ಇದ್ದೇ ಇದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನ್ ಜಾಸ್ತಿ ಮಾಡುವ ಮುಂಚೆ ಡಾಕ್ಟರನ್ನು ಕೇಳಬೇಕು.

ಪಾದ ಜುಮ್ ಅನ್ನುತ್ತದೆ ಅಂತ ಹೋದ ಸಲ ಬಂದಾಗ ಹೇಳಿದ್ದೆಯಲ್ಲ, ಅದು ನನ್ನ ತಲೆಯಲ್ಲೇ ಉಳಿದಿದೆ. ಅದು ಸಕ್ಕರೆ ಕಾಯಿಲೆಯಿಂದಲೂ ಬರಬಹುದು, ವಿಟಮಿನ್ ಬಿ12 ಕಡಿಮೆಯಾದರೂ ಬರಬಹುದು. ನೀನು ಸಸ್ಯಾಹಾರಿ, ಮೇಲೆ ಶುಗರ್‌ಗೆ ಅಂತ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತಿಂದಿದ್ದೀಯ. ಎರಡರಿಂದಲೂ ಬಿ12 ಇಳಿಯುತ್ತದೆ. ಪಾದಕ್ಕೆ ನೆಲ ಸರಿಯಾಗಿ ತಿಳಿಯದಿದ್ದರೆ ಬೀಳುವುದು ಸುಲಭ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾಡಿಸು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ನೀನೇ ಮಾತ್ರೆ ತಂದು ನುಂಗುವುದನ್ನು ಮಾತ್ರ ಇವತ್ತೇ ಬಿಡು, ಅದು ಕಿಡ್ನಿಗೆ ಕುತ್ತು.

ಬಿಪಿ ಮಾತ್ರೆ ತಿನ್ನುವವರಿಗೆ ದಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುವುದುಂಟು. ರಾತ್ರಿ ಎಚ್ಚರವಾದರೆ ಮಂಚದ ಅಂಚಿನಲ್ಲಿ ಕೂತು ಪಾದ ಆಡಿಸು, ಲೈಟ್ ಹಾಕು, ಆಮೇಲೆ ಏಳು. ಕನ್ನಡಕ ಕೈಗೆ ಸಿಗುವ ಹಾಗಿರಲಿ. ಪೊರೆ ಬಂದಿದ್ದರೆ ಮುಂದೂಡದೆ ತೆಗೆಸು. ನಿದ್ದೆ ಮಾತ್ರೆಯ ಸಹವಾಸ ಬೇಡ, ಅರೆನಿದ್ದೆಯಲ್ಲಿ ಕಾಲು ತಪ್ಪುತ್ತದೆ.

ಕೊನೆಗೆ ಬಚ್ಚಲು. ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು ಸ್ಟೀಲ್ ಹಿಡಿ ಹಾಕಿಸು. ಟವಲ್ ಹಾಕುವ ಸರಳು ಇದೆಯಲ್ಲ ಅನ್ನಬೇಡ, ಮೈಭಾರ ಬಿದ್ದರೆ ಅದು ಸ್ಕ್ರೂ ಸಮೇತ ಕೈಗೆ ಬರುತ್ತದೆ. ಬಾಗಿಲ ಮುಂದಿನ ಹಳೇ ಸೀರೆಯ ಕಾಲೊರಸು ಮೊದಲು ಬಿಸಾಕು, ಒದ್ದೆಯಾದರೆ ಜಾರುತ್ತದೆ. ನಿನ್ನಮ್ಮನ ಬಚ್ಚಲಿಗೂ ಅದೇ ದಿನ ಹಿಡಿ ಹಾಕಿಸಿಬಿಡು. "ನನಗೇನಾಗಿದೆ, ಬೇಡ" ಅಂತಾಳೆ. ಅವಳನ್ನು ಕೇಳಲೇಬೇಡ, ಅವಳು ದೇವಸ್ಥಾನಕ್ಕೆ ಹೋದಾಗ ಕೆಲಸದವನನ್ನು ಕರೆಸು.

ದಸರಾಕ್ಕೆ ಇಬ್ಬರೂ ಬನ್ನಿ. ಬರುವಾಗ ಬಿ12 ರಿಪೋರ್ಟು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಎರಡೂ ತಾ. ಇಲ್ಲಿ ನಮ್ಮ ಡಾಕ್ಟರಿಗೂ ಒಂದು ಸಲ ತೋರಿಸೋಣ.

ಇಂತಿ,
ನಿನ್ನ ದೊಡ್ಡಮ್ಮ